ಅಮೆರಿಕದ ಓಟಿನ ಲೆಕ್ಕ ಗೊತ್ತು, ನಿನ್ನ ಓಟು ಎಲ್ಲಿ ತಮ್ಮಾ?

2024ರ ನವೆಂಬರ್ 6, ಬುಧವಾರ. ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಮದುವೆ ಕಾರ್ಡಿನ ಪ್ರೂಫು ನೋಡಲು ಬಂದಿದ್ದ. ಊರು ಕೆರಾಡಿ. ಕುಂದಾಪುರದ ಪೂರ್ವಕ್ಕೆ, ವಂಡ್ಸೆಯ ಆಚೆ, ಘಟ್ಟದ ಬುಡದಲ್ಲಿರುವ ಹಳ್ಳಿ. ಹುಡುಗ ಬೆಂಗಳೂರಿಗೆ ಬಂದು ಏಳು ವರ್ಷವಾಯಿತು, ಸಾಫ್ಟ್‌ವೇರ್ ಕೆಲಸ. ಪ್ರೂಫನ್ನು ಮೇಜಿನ ಮೇಲೆ ಬಿಟ್ಟು ಮೊಬೈಲಿನಲ್ಲೇ ಮುಳುಗಿದ್ದ. ಸ್ವಂತ ಸೋದರಮಾವನ ಹೆಸರಿನಲ್ಲಿ ಒತ್ತಕ್ಷರ ಬಿಟ್ಟುಹೋದದ್ದೂ ಅವನ ಕಣ್ಣಿಗೆ ಬೀಳಲಿಲ್ಲ.

"ಎಂತ ಮಾರಾಯ ಅಷ್ಟು ನೋಡುವಂಥದ್ದು?" ಅಂದೆ.

"ಪೆನ್ಸಿಲ್ವೇನಿಯಾ ಹೋಯ್ತಣ್ಣ. ಮಿಚಿಗನ್ನೂ ಹೋಗುತ್ತೆ. ಟ್ರಂಪ್ ಬಂದ ಹಾಗೇ!" ಅಂದ.

ಆಮೇಲೆ ಅರ್ಧ ಗಂಟೆ ನನಗೆ ಪಾಠವಾಯಿತು. ಒಟ್ಟು 538 ಎಲೆಕ್ಟೋರಲ್ ಓಟು, 270 ಬಂದರೆ ಗೆದ್ದ ಹಾಗೆ. ಕ್ಯಾಲಿಫೋರ್ನಿಯಾ ಯಾವತ್ತೂ ಆ ಪಕ್ಷಕ್ಕೆ, ಟೆಕ್ಸಾಸ್ ಯಾವತ್ತೂ ಈ ಪಕ್ಷಕ್ಕೆ. ನಿಜವಾದ ಆಟ ನಡೆಯುವುದು ಏಳು ರಾಜ್ಯಗಳಲ್ಲಿ. ಪಿಯುಸಿ ಮುಗಿಸಿ ಅಚ್ಚುಮೊಳೆ ಹಿಡಿದವನು ನಾನು. ಇಷ್ಟೆಲ್ಲ ನನಗೆ ಗೊತ್ತಿರಲಿಲ್ಲ. ಹುಡುಗ ಚೆನ್ನಾಗಿಯೇ ಹೇಳಿದ, ಸುಳ್ಳು ಹೇಳಬಾರದು.

"ಅದಿರಲಿ, ನಿಂದು ಓಟ್ ಎಲ್ಲಿತ್ತು?" ಅಂದೆ.

ಹುಡುಗ ತಲೆ ಕೆರೆದುಕೊಂಡ. ಊರಿನ ಪಟ್ಟಿಯಲ್ಲಿ ಹೆಸರಿತ್ತಂತೆ. ಮನೆಯಲ್ಲಿ ವಾಸವಿಲ್ಲ ಅಂತ ತೆಗೆದುಹಾಕಿದರಂತೆ. ಬೆಂಗಳೂರಿನಲ್ಲಿ ಸೇರಿಸಿಲ್ಲ. ಬಾಡಿಗೆ ಮನೆ, ಇವತ್ತು ಇಲ್ಲಿ, ನಾಳೆ ಎಲ್ಲೋ. ಬೆಂಗಳೂರಿನಲ್ಲಿ ಲೋಕಸಭೆ ಮತದಾನ ನಡೆದ 2024ರ ಏಪ್ರಿಲ್ 26ರಂದು ಏನು ಮಾಡುತ್ತಿದ್ದೆ ಅಂದರೆ, ಅವತ್ತು ಶುಕ್ರವಾರ ರಜೆ, ಶನಿವಾರ ಭಾನುವಾರ ಸೇರಿ ಮೂರು ದಿನ, ರಾತ್ರಿ ಬಸ್ಸಿಗೆ ಊರಿಗೆ ಹೋಗಿದ್ದನಂತೆ. ಇಲ್ಲೂ ಓಟಿಲ್ಲ, ಅಲ್ಲೂ ಓಟಿಲ್ಲ.

"ಆಯ್ತು, ಕೆರಾಡಿ ಪಂಚಾಯತಿಗೆ ನಿಮ್ಮ ವಾರ್ಡಿನಿಂದ ಗೆದ್ದದ್ದು ಯಾರು?"

"ಅದು ಅಮ್ಮನಿಗೆ ಗೊತ್ತು."

ನಗಬೇಡಿ. ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ನೀವೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳಿ. ನಾನೂ ಏನು ಸಾಚಾ ಅಲ್ಲ. ಬೆಂಗಳೂರಿಗೆ ಬಂದ ಮೇಲೆ ಹತ್ತು ವರ್ಷ ನನ್ನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಊರವರ ಕರಪತ್ರವೆಲ್ಲ ಅಚ್ಚು ಹಾಕಿಕೊಟ್ಟೆ, ಓಟು ಮಾತ್ರ ಹಾಕಲಿಲ್ಲ.

ಕೆರಾಡಿ ಅಂದರೆ ಈಗ ಯಾರಿಗೆ ಗೊತ್ತಿಲ್ಲ ಹೇಳಿ! ರಿಷಬ್ ಶೆಟ್ಟರ ಹುಟ್ಟೂರು. 2022ರಲ್ಲಿ 'ಕಾಂತಾರ' ಬಂದ ಮೇಲೆ ಆ ಕಾಡು, ಆ ಗದ್ದೆ ದೇಶವಿದೇಶದ ಪರದೆಯ ಮೇಲೆ ಬಂದವು. ನಮ್ಮ ಕುಂದಗನ್ನಡದ ಮಾತನ್ನು ಅಮೆರಿಕದ ಥಿಯೇಟರುಗಳಲ್ಲೂ ಜನ ಕೂತು ಕೇಳಿದರು. ಹೆಮ್ಮೆಯೇ. ಆದರೆ ಆ ಸಿನಿಮಾದಲ್ಲಿ ಜಗಳ ಯಾವುದಕ್ಕೆ? ಭೂಮಿಗೆ. ಕಾಡಿನ ಅಂಚಿನ ಗದ್ದೆ ಯಾರದು, ಅದನ್ನು ತೀರ್ಮಾನಿಸುವವನು ಯಾರು ಅನ್ನುವುದಕ್ಕೆ. ಆ ತೀರ್ಮಾನ ಇವತ್ತಿಗೂ ಪಂಚಾಯತಿಯಲ್ಲಿ, ತಾಲೂಕು ಕಚೇರಿಯಲ್ಲಿ, ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಆಗುತ್ತಿದೆ. ಸಿನಿಮಾಕ್ಕೆ ಶಿಳ್ಳೆ ಹೊಡೆದವನ ಹೆಸರು ಮತಪಟ್ಟಿಯಲ್ಲಿ ಇಲ್ಲ!

ಅಮೆರಿಕದ ವಿಷಯಕ್ಕೇ ಬರೋಣ. ನಿಮಗೆ ಅದು ಇಷ್ಟವಾದ ವಿಷಯ.

ನಮ್ಮವರು ಯಾರಾದರೂ ಅಲ್ಲಿ ದೊಡ್ಡ ಕುರ್ಚಿಗೆ ಹೋದರೆ ಸಾಕು, ಇಲ್ಲಿ ಪಟಾಕಿ. ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆದಾಗ ಎಷ್ಟು ಕುಣಿದೆವು! ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಇರಲಿ, ನಮ್ಮ ರಕ್ತ ಅಂದುಕೊಳ್ಳೋಣ. ಆದರೆ ಅವರ ನೇಮಕಕ್ಕೆ ಅಲ್ಲಿನ ಸೆನೆಟ್ಟು ಒಪ್ಪಿಗೆ ಕೊಡಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು ಅನ್ನುವುದನ್ನು ಎಷ್ಟು ಜನ ಓದಿದಿರಿ? 2013ರ ನವೆಂಬರಿನಲ್ಲಿ ಹೆಸರು ಸೂಚಿಸಿದರು. ಬಂದೂಕಿನ ಹಿಂಸೆ ಆರೋಗ್ಯದ ಸಮಸ್ಯೆಯೂ ಹೌದು ಎಂದು ಅವರು ಹೇಳಿದ್ದರು. ಬಂದೂಕುಗಾರರ ಸಂಘ ತಿರುಗಿಬಿತ್ತು. 2014ರ ಡಿಸೆಂಬರ್ 15ರಂದು 51ಕ್ಕೆ 43 ಓಟಿನಲ್ಲಿ ಪಾಸಾಯಿತು, ಅದೂ ಅಂತೂ ಇಂತೂ. 2017ರಲ್ಲಿ ಸರ್ಕಾರ ಬದಲಾದ ಮೇಲೆ ಅವರನ್ನು ಇಳಿಸಿದರು. 2021ರಲ್ಲಿ ಮತ್ತೆ ಕರೆದರು. ಒಂದು ಸಂಘಟಿತ ಗುಂಪು ಮನಸ್ಸು ಮಾಡಿದರೆ ರಾಷ್ಟ್ರಾಧ್ಯಕ್ಷನ ಆಯ್ಕೆಯನ್ನೇ ಒಂದು ವರ್ಷ ಕಟ್ಟಿಹಾಕಬಲ್ಲದು. ಪ್ರಭಾವ ಅಂದರೆ ಇದು. ನಾವು ಇಲ್ಲಿ ಕೂತು ಹಂಚಿದ ಪೇಡ ಪ್ರಭಾವವಲ್ಲ.

ಇನ್ನು ಶ್ರೀ ಥಾಣೇದಾರ್. 1955ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಮನೆಮಾತು ಮರಾಠಿ, ಆತ್ಮಕತೆ ಬರೆದದ್ದೂ ಮರಾಠಿಯಲ್ಲಿ. ಹಾಗಾಗಿ ನಮ್ಮ ಕೆಲವರಿಗೆ ಇವರನ್ನು ನಮ್ಮವರ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂಬ ತಕರಾರು. ಆ ತಕರಾರು ಡೆಟ್ರಾಯಿಟಿನಲ್ಲಿ ಯಾರಿಗೂ ಇಲ್ಲ. 1979ರಲ್ಲಿ ಓದಲು ಹೋದವರು 1988ರಲ್ಲಿ ಅಲ್ಲಿನ ಪೌರರಾದರು. 2018ರಲ್ಲಿ ಸ್ವಂತ ದುಡ್ಡು ಸುರಿದು ಮಿಚಿಗನ್ ರಾಜ್ಯಪಾಲರ ಹುದ್ದೆಗೆ ಪಕ್ಷದೊಳಗಿನ ಚುನಾವಣೆಗೆ ನಿಂತು ಮೂರನೆಯವರಾಗಿ ಸೋತರು. (ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನ ಆರಿಸುವವನು.) ಸೋತವರು ಮನೆಗೆ ಹೋಗಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು 2020ರಲ್ಲಿ ರಾಜ್ಯ ಶಾಸನಸಭೆಗೆ ನಿಂತು ಗೆದ್ದರು. 2022ರ ನವೆಂಬರಿನಲ್ಲಿ ದೇಶದ ಕಾಂಗ್ರೆಸ್ಸಿಗೆ ಹೋದರು. ಅವರ ಕ್ಷೇತ್ರದಲ್ಲಿ ಕಪ್ಪುಜನರೇ ಬಹಳ. 1955ರಿಂದ ಆ ನಗರಕ್ಕೆ ಸದಾ ಒಬ್ಬ ಕಪ್ಪು ಪ್ರತಿನಿಧಿ ಇದ್ದೇ ಇದ್ದ. ಆ ಪರಂಪರೆ ತುಂಡಾದದ್ದು ಚಿಕ್ಕೋಡಿಯವನಿಂದ. ಇವರನ್ನು ಗೆಲ್ಲಿಸಿದ್ದು ಬೆಳಗಾವಿಯವರಲ್ಲ, ಭಾರತದವರೂ ಅಲ್ಲ. ಡೆಟ್ರಾಯಿಟಿನ ಜನ.

ಪಕ್ಕದ ಕೆನಡಾದಲ್ಲಿ ಶಿರಾ ತಾಲೂಕಿನ ದ್ವಾರ್ಲು ಹಳ್ಳಿಯ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತಾಡಿದರು. ನನಗೂ ಮೈ ನವಿರೆದ್ದಿತು, ಸುಳ್ಳೇಕೆ. 2025ರಲ್ಲಿ ಪ್ರಧಾನಿ ಗಾದಿಗೆ ಸ್ಪರ್ಧಿಸುತ್ತೇನೆ ಎಂದರು, ಅವರ ಪಕ್ಷವೇ ಅವರನ್ನು ಕಣದಿಂದ ಹೊರಗಿಟ್ಟಿತು. ಮರಳಿ ಎಂಪಿ ಟಿಕೆಟ್ಟೂ ಸಿಗಲಿಲ್ಲ. ಆಗ ಇಲ್ಲಿ ಯಾರೂ ಬ್ಯಾನರು ಕಟ್ಟಲಿಲ್ಲ.

ಇವೆಲ್ಲ ತುದಿಯ ಕತೆ. ಬುಡದ ಕತೆ ಕೇಳಿ.

ಒಂದು ಕಾಲದಲ್ಲಿ ಅಮೆರಿಕದಲ್ಲಿ ನಮ್ಮ ದೇಶದವನಿಗೆ ಪೌರತ್ವವೇ ಇರಲಿಲ್ಲ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ತೊಟ್ಟವನು. ಅವನಿಗೆ ಸಿಕ್ಕಿದ್ದ ಪೌರತ್ವದ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1923ರ ಫೆಬ್ರವರಿಯಲ್ಲಿ ತೀರ್ಪು ಬಂತು: ನೀನು ಬಿಳಿಯನಲ್ಲ, ನಿನಗೆ ಪೌರತ್ವ ಸಲ್ಲದು! ಅಲ್ಲಿಗೇ ನಿಲ್ಲಲಿಲ್ಲ. ಅದಾಗಲೇ ಪೌರರಾಗಿದ್ದ ಭಾರತೀಯರ ಕಾಗದವನ್ನೂ ಕಿತ್ತುಕೊಳ್ಳಲು ಹೊರಟರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟುಕೊಂಡಿದ್ದ ವೈಷ್ಣೋ ದಾಸ್ ಬಗಾಯ್ ಎಂಬವರು ಪೌರತ್ವ ಕಳೆದುಕೊಂಡು, ಆಸ್ತಿ ಇಟ್ಟುಕೊಳ್ಳುವ ಹಕ್ಕೂ ಹೋಗಿ, 1928ರಲ್ಲಿ ಪತ್ರಿಕೆಗೊಂದು ಕಾಗದ ಬರೆದಿಟ್ಟು ಪ್ರಾಣ ಬಿಟ್ಟರು. ಮನೆ, ಮಕ್ಕಳು, ವ್ಯಾಪಾರ ಎಲ್ಲ ಇತ್ತು. ಪಟ್ಟಿಯಲ್ಲಿ ಹೆಸರು ಇರಲಿಲ್ಲ.

ಅದೇ ಕಾಲದಲ್ಲಿ ದಲೀಪ್ ಸಿಂಗ್ ಸೌಂದ್ ಎಂಬ ಇನ್ನೊಬ್ಬ ಪಂಜಾಬಿ ಇದ್ದ. 1920ರಲ್ಲಿ ಹೋದವನು, ಗಣಿತದಲ್ಲಿ ಡಾಕ್ಟರೇಟ್ ಮಾಡಿದವನು. ಗಣಿತದ ಡಾಕ್ಟರಿಗೆ ಕೆಲಸ ಸಿಗದೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ಇಳಿದ. ಪೌರನಲ್ಲದವನಿಗೆ ಅಲ್ಲಿ ಜಮೀನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳಲೂ ಆಗುತ್ತಿರಲಿಲ್ಲ. ಆದರೆ ಆ ಮನುಷ್ಯ ಅಳುತ್ತಾ ಕೂರಲಿಲ್ಲ. ಸಂಘ ಕಟ್ಟಿದ, ಊರೂರು ಸುತ್ತಿ ಭಾಷಣ ಮಾಡಿದ, ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದ. 1946ರ ಜುಲೈಯಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂತು. ವರ್ಷಕ್ಕೆ ಬರೀ 100 ಭಾರತೀಯರಿಗೆ ಪ್ರವೇಶ. ಆದರೆ ಅಲ್ಲಿದ್ದವರು ಪೌರರಾಗಬಹುದು ಎಂದಾಯಿತು. 1949ರಲ್ಲಿ ಸೌಂದ್ ಪೌರನಾದ.

ಆದವನು ನೇರವಾಗಿ ವಾಷಿಂಗ್ಟನ್ನಿಗೆ ಓಡಿದನೇ? ಇಲ್ಲ. ವೆಸ್ಟ್‌ಮೋರ್ಲೆಂಡ್ ಎಂಬ ಪುಟ್ಟ ಊರಿನ ನ್ಯಾಯಾಧೀಶನ ಹುದ್ದೆಗೆ ನಿಂತ. ಅಲ್ಲಿ ಅದಕ್ಕೂ ಚುನಾವಣೆ ಇದೆ. 1950ರಲ್ಲಿ ಗೆದ್ದ. ಪೌರನಾಗಿ ಒಂದು ವರ್ಷ ತುಂಬಿಲ್ಲ ಎಂದು ಕುರ್ಚಿ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತ, ಮತ್ತೆ ಗೆದ್ದ, ಕೂತ. 1956ರಲ್ಲಿ ದೇಶವೆಲ್ಲ ಹೆಸರು ಬಲ್ಲ ಒಬ್ಬ ವಿಮಾನ ಹಾರಾಟಗಾರ್ತಿಯನ್ನು ಸೋಲಿಸಿ ಕಾಂಗ್ರೆಸ್ಸಿಗೆ ಹೋದ. ಏಷ್ಯಾ ಮೂಲದವನೊಬ್ಬ ಅಲ್ಲಿಗೆ ಆರಿಸಿಹೋದದ್ದು ಅದೇ ಮೊದಲು. ವೆಸ್ಟ್‌ಮೋರ್ಲೆಂಡ್ ಅಂದರೆ ಅಲ್ಲಿಯ ಕೆರಾಡಿ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಹತ್ತಿದ ಅವನು.

ಈಗಿನದನ್ನೇ ನೋಡಿ. ಕಂಪಾಲಾದಲ್ಲಿ ಹುಟ್ಟಿದ ಝೊಹ್ರಾನ್ ಮಮ್ದಾನಿ 2018ರಲ್ಲಿ ಅಮೆರಿಕದ ಪೌರ, 2020ರಲ್ಲಿ ರಾಜ್ಯದ ಶಾಸಕ, 2025ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೇಯರ್ ಆಗಿ ಆಯ್ಕೆ. ಬಂಗಾಳಿಯಲ್ಲಿ, ಹಿಂದಿಯಲ್ಲಿ, ಸ್ಪ್ಯಾನಿಷಿನಲ್ಲಿ ವಿಡಿಯೋ ಮಾಡಿ ಓಟು ಕೇಳಿದ. ಭಾಷಾಪ್ರೇಮದಿಂದ ಅಂದುಕೊಂಡಿರಾ? ಆ ಭಾಷೆಯವರ ಹೆಸರು ಪಟ್ಟಿಯಲ್ಲಿ ಇತ್ತು, ಅದಕ್ಕೆ.

ಬಂಗಾಳಿ ಅಂದ ಕೂಡಲೇ ಪ್ರೆಸ್ಸಿನವನಾಗಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. ನ್ಯೂಯಾರ್ಕಿನ ಕ್ವೀನ್ಸ್ ಎಂಬ ಭಾಗದಲ್ಲಿ ಓಟಿನ ಚೀಟಿ ಬಂಗಾಳಿ ಲಿಪಿಯಲ್ಲೂ ಅಚ್ಚಾಗುತ್ತದೆ! ಇಂಗ್ಲಿಷಿನ ರಾಜಧಾನಿಯಂಥ ಊರಿನಲ್ಲಿ! ಹೇಗಾಯಿತು? ಅಲ್ಲಿ 1965ರ ಮತದಾನ ಹಕ್ಕಿನ ಕಾಯ್ದೆ ಇದೆ. ಕಪ್ಪುಜನ ರಕ್ತ ಸುರಿಸಿ ಪಡೆದದ್ದು. 1975ರಲ್ಲಿ ಅದಕ್ಕೆ ಭಾಷೆಯ ಕಲಮನ್ನು ಸೇರಿಸಿದರು. ಒಂದು ಜಿಲ್ಲೆಯಲ್ಲಿ ಇಂಗ್ಲಿಷು ಸರಿಯಾಗಿ ಬಾರದ ಒಂದು ಭಾಷಾ ಗುಂಪಿನ ಮತದಾರ ಪೌರರು 10,000ಕ್ಕಿಂತ ಹೆಚ್ಚಿದ್ದರೆ, ಅಥವಾ ಒಟ್ಟು ಮತದಾರ ಪೌರರಲ್ಲಿ ಶೇ. 5ಕ್ಕಿಂತ ಹೆಚ್ಚಿದ್ದರೆ, ಮತ್ತು ಆ ಗುಂಪಿನಲ್ಲಿ ಓದುಬರಹ ಕಡಿಮೆಯಿದ್ದರೆ, ಚುನಾವಣೆಯ ಕಾಗದವೆಲ್ಲ ಅವರ ಭಾಷೆಯಲ್ಲೂ ಇರಲೇಬೇಕು. ಚೀಟಿ, ಸೂಚನೆ, ಅರ್ಜಿ, ಸಹಾಯಕ್ಕೆ ಮನುಷ್ಯ, ಎಲ್ಲ.

2011ರ ಅಕ್ಟೋಬರಿನಲ್ಲಿ ಅಲ್ಲಿನ ಜನಗಣತಿ ಇಲಾಖೆ ಕ್ವೀನ್ಸನ್ನು ಆ ಪಟ್ಟಿಗೆ ಹಾಕಿತು. ನಗರದವರು ಬಂಗಾಳಿಯನ್ನು ಆರಿಸಿದರು. ಹಾಗಂತ ಮರುದಿನವೇ ಅಚ್ಚಾಯಿತೇ? 2012 ಕಳೆಯಿತು, ಚೀಟಿ ಬರಲಿಲ್ಲ. ನಮ್ಮ ಅಧಿಕಾರಿಗಳ ಸಬೂಬು ಅವರಿಗೂ ಗೊತ್ತು: ಜಾಗ ಸಾಲದು, ಯಂತ್ರಕ್ಕೆ ಹಿಡಿಯದು. ಸಂಘಟನೆಗಳು ಕೋರ್ಟಿಗೆ ಹೋದವು. 2013ರಲ್ಲಿ ಬಂಗಾಳಿ ಅಕ್ಷರ ಚೀಟಿಯ ಮೇಲೆ ಬಂತು. ಇದರ ಹಿಂದೆ ಟ್ಯಾಕ್ಸಿ ಓಡಿಸುವವರು, ಅಂಗಡಿಯವರು, ಮನೆಗೆಲಸದ ಹೆಂಗಸರು ಇದ್ದರು. ಪೌರತ್ವಕ್ಕೆ ಅರ್ಜಿ ಹಾಕಿದರು, ಗಣತಿಯವನು ಬಾಗಿಲು ತಟ್ಟಿದಾಗ ಮನೆಮಾತು ಬಂಗಾಳಿ ಎಂದು ಬರೆಸಿದರು. ಲೆಕ್ಕಕ್ಕೆ ಸಿಕ್ಕರು.

ಕನ್ನಡದ ಚೀಟಿ ಅಮೆರಿಕದಲ್ಲಿ ಇಲ್ಲ, ಬರುವುದೂ ಇಲ್ಲ. ಬೇಜಾರು ಬೇಡ. ಅಲ್ಲಿ ಮನೆಯಲ್ಲಿ ಕನ್ನಡ ಆಡುವವರ ಲೆಕ್ಕ ಹಿಂದಿನ ದಶಕದಲ್ಲಿ ಅರ್ಧ ಲಕ್ಷದ ಆಸುಪಾಸು ಇತ್ತು. ಅವರೂ ಇಡೀ ದೇಶದಲ್ಲಿ ಚದುರಿದವರು, ಇಂಗ್ಲಿಷು ಬಲ್ಲ ಎಂಜಿನಿಯರು ಡಾಕ್ಟರುಗಳು. ಆ ಕಾಯ್ದೆ ಇರುವುದು ಇಂಗ್ಲಿಷು ಬಾರದವನಿಗೆ. ಅಲ್ಲಿನ ಕನ್ನಡಿಗರು 1998ರಲ್ಲಿ ಅಕ್ಕ ಕಟ್ಟಿಕೊಂಡರು, 2010ರಲ್ಲಿ ನಾವಿಕ ಬಂತು. ಸಮ್ಮೇಳನ ಮಾಡುತ್ತಾರೆ, ಇಲ್ಲಿನ ಮಂತ್ರಿಗಳು ಸಿನಿಮಾದವರು ಹೋಗಿ ಹೋಳಿಗೆ ತಿಂದು ಬರುತ್ತಾರೆ. ತಪ್ಪಲ್ಲ, ಮಕ್ಕಳಿಗೆ ನಾಲ್ಕು ಅಕ್ಷರ ಕಲಿಸುತ್ತಾರಲ್ಲ, ಅಷ್ಟು ಸಾಕು. ಆದರೆ ಅಲ್ಲಿ ಹೆಚ್ಚಿನವರ ಕಷ್ಟ ಬೇರೆ. ಪೌರತ್ವಕ್ಕೆ ಮೊದಲು ಗ್ರೀನ್ ಕಾರ್ಡು ಬೇಕು. ಗ್ರೀನ್ ಕಾರ್ಡಿಗೆ ಒಂದೊಂದು ದೇಶಕ್ಕೆ ಶೇ. 7ರ ಮಿತಿ. ನೂರು ಕೋಟಿ ದಾಟಿದ ನಮ್ಮ ದೇಶಕ್ಕೂ ಅಷ್ಟೇ, ಬೆರಳೆಣಿಕೆಯ ಜನರಿರುವ ದ್ವೀಪಕ್ಕೂ ಅಷ್ಟೇ! ಹತ್ತಿಪ್ಪತ್ತು ವರ್ಷ ತೆರಿಗೆ ಕಟ್ಟುತ್ತಾ ಓಟಿಲ್ಲದೆ ಕಾಯುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಎಂದು ಟ್ರಂಪ್ ಘೋಷಿಸಿದಾಗ ಬೆಂಗಳೂರಿನ ಮನೆಮನೆಯಲ್ಲಿ ಗಾಬರಿ. ಏಟು ತಿಂದವನಿಗೆ ಅಲ್ಲಿ ಓಟಿಲ್ಲ, ಹೊಡೆದವನಿಗೆ ಅದರಿಂದ ಒಂದು ಓಟೂ ನಷ್ಟವಿಲ್ಲ.

ಪೌರರಾದವರಿಗೆ ಇಲ್ಲಿನ ಓಟು ಹೋಯಿತು. ನಮ್ಮ ಸಂವಿಧಾನದಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ಸಾಗರೋತ್ತರ ಪೌರ ಎಂದು ಒಂದು ಚೀಟಿ ಕೊಡುತ್ತಾರೆ, ಅದು ವೀಸಾ ಉಳಿಸುತ್ತದೆ, ಓಟು ಕೊಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನಿಗೆ 2011ರಿಂದ ಊರಿನ ಪಟ್ಟಿಯಲ್ಲಿ ಹೆಸರಿಡಬಹುದು, ಆದರೆ ವಿಮಾನ ಹತ್ತಿ ಬಂದು ಮತಗಟ್ಟೆಯಲ್ಲೇ ಬೆರಳು ಒಡ್ಡಬೇಕು. ಆದ್ದರಿಂದ ಅಮೆರಿಕದ ಅಣ್ಣ ವಾಟ್ಸಾಪಿನಲ್ಲಿ ಕನ್ನಡ ಉಳಿಸಿ ಎಂದು ಬರೆದದ್ದು ಓದಿ ನೀವು ನೆಮ್ಮದಿಯಿಂದ ನಿದ್ದೆ ಮಾಡಬೇಡಿ. ಇಲ್ಲಿ ಕೈ ಎತ್ತಬೇಕಾದವರು ನೀವು, ನಾನು.

ಇನ್ನೊಂದು ಸಂಗತಿ. 2025ರ ಮಾರ್ಚ್ 1ರಂದು ಟ್ರಂಪ್ ಇಂಗ್ಲಿಷೇ ಅಮೆರಿಕದ ಅಧಿಕೃತ ಭಾಷೆ ಎಂದು ಆದೇಶಕ್ಕೆ ಸಹಿ ಹಾಕಿದರು. ಕ್ವೀನ್ಸಿನ ಬಂಗಾಳಿ ಚೀಟಿ ಅದರಿಂದ ಹೋಗಲಿಲ್ಲ. ಅದು ಸಂಸತ್ತಿನ ಕಾಯ್ದೆಯಿಂದ ಬಂದದ್ದು, ಒಂದು ಸಹಿಗೆ ಅಳಿಯುವುದಿಲ್ಲ.

ಈಗ ಬೆಂಗಳೂರಿಗೆ ಬನ್ನಿ.

ಚುನಾವಣೆ ಬಂದಾಗ ನಮ್ಮಂಥ ಸಣ್ಣ ಪ್ರೆಸ್ಸಿನವರಿಗೂ ನಾಲ್ಕು ಕಾಸು ಸಿಗುತ್ತದೆ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಅಂತ ಒಂದಿದೆ. ಚುನಾವಣೆಯ ಯಾವುದೇ ಕರಪತ್ರದ ಅಡಿಯಲ್ಲಿ ಅಚ್ಚು ಹಾಕಿದವನ ಹೆಸರು, ವಿಳಾಸ ಇರಲೇಬೇಕು. ಮಾಡಿಸಿದವನಿಂದ ಸಹಿಯಾದ ಘೋಷಣೆ ಪಡೆದು ಒಂದು ಪ್ರತಿಯ ಸಮೇತ ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ಹಾಗಾಗಿ ಯಾವ ವಾರ್ಡಿಗೆ ಯಾವ ಭಾಷೆಯ ಕರಪತ್ರ ಹೋಯಿತು ಎನ್ನುವುದು ಪ್ರೆಸ್ಸಿನವನಿಗೆ ಗೊತ್ತಾದಷ್ಟು ಯಾರಿಗೂ ಗೊತ್ತಾಗುವುದಿಲ್ಲ.

ಹಿಂದೊಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ಬಂದರು. ಅಭ್ಯರ್ಥಿ ಅಚ್ಚ ಕನ್ನಡಿಗ, ರಾಜ್ಯೋತ್ಸವದಲ್ಲಿ ಬಾವುಟ ಹಾರಿಸುವವನು. ಕರಪತ್ರ ನಾಲ್ಕು ಭಾಷೆಯಲ್ಲಿ ಬೇಕು ಅಂದರು. ಕನ್ನಡದ್ದು ಎಲ್ಲಕ್ಕಿಂತ ಕಡಿಮೆ. ನನಗೆ ಸಿಟ್ಟು ಬಂತು. "ಏನ್ ಸ್ವಾಮಿ, ನಿಮ್ಮ ವಾರ್ಡಿನಲ್ಲಿ ಕನ್ನಡಿಗರೇ ಇಲ್ಲವಾ?" ಅಂದೆ. ಆ ಮನುಷ್ಯ ನಿಧಾನವಾಗಿ ಹೇಳಿದ: "ಇದಾರೆ ಅಣ್ಣ, ತುಂಬ ಇದಾರೆ. ಅರ್ಧ ಜನದ ಓಟು ಊರಲ್ಲಿದೆ, ಇನ್ನರ್ಧ ಜನ ರಜೆ ಸಿಕ್ಕರೆ ಊರಿಗೆ ಹೋಗ್ತಾರೆ. ಇವರು ಬೆಳಿಗ್ಗೆ ಏಳಕ್ಕೆ ಕ್ಯೂ ನಿಲ್ತಾರೆ." ನನ್ನ ಸಿಟ್ಟಿಗೆ ಉತ್ತರ ಇರಲಿಲ್ಲ. ಅಚ್ಚು ಹಾಕಿಕೊಟ್ಟೆ.

ಆ ಕ್ಯೂನಲ್ಲಿ ನಿಂತವರನ್ನು ಬೈದು ನಮಗೆ ಏನೂ ಸಿಗುವುದಿಲ್ಲ. ಅವರು ಮಾಡಬೇಕಾದ್ದನ್ನು ಮಾಡಿದ್ದಾರೆ. ಅಂಕಿ ನೋಡಿ: 2024ರ ಲೋಕಸಭೆಗೆ ಉಡುಪಿ-ಚಿಕ್ಕಮಗಳೂರಿನಲ್ಲಿ ಶೇ. 77 ಮತದಾನ. ಬೆಂಗಳೂರು ದಕ್ಷಿಣದಲ್ಲಿ ಶೇ. 53, ಕೇಂದ್ರ ಮತ್ತು ಉತ್ತರದಲ್ಲಿ ಶೇ. 54. ನಮ್ಮ ಅಜ್ಜಿಯರು ಗುಡ್ಡ ಇಳಿದು ಓಟು ಹಾಕುತ್ತಾರೆ. ಮೊಮ್ಮಕ್ಕಳು ಮೆಟ್ರೋ ಹತ್ತಿ ಎರಡು ಸ್ಟೇಷನ್ ಹೋಗುವುದಿಲ್ಲ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಕಳೆದು, ಪಾಲಿಕೆಯನ್ನೇ ಐದು ಹೋಳು ಮಾಡಿದರು. ಅಲ್ಲಿವರೆಗೂ ಚುನಾವಣೆ ಮಾತ್ರ ನಡೆಯಲಿಲ್ಲ. ಕನ್ನಡದ ನಾಮಫಲಕ ಶೇ. 60 ಇರಬೇಕು ಎಂದು ಬೀದಿಯಲ್ಲಿ ಕೂಗಿದೆವಲ್ಲ, ಅದನ್ನು ಜಾರಿ ಮಾಡಬೇಕಾದದ್ದು ಯಾರು? ಪಾಲಿಕೆ. ಆಗ ಪಾಲಿಕೆಯಲ್ಲಿ ನಿಮ್ಮ ಪ್ರತಿನಿಧಿ ಯಾರಿದ್ದರು? ಯಾರೂ ಇರಲಿಲ್ಲ. ಅದಕ್ಕೆ ಎಷ್ಟು ಜನ ಬೀದಿಗೆ ಬಂದಿರಿ?

ಓಟಿಗೂ ಭಾಷೆಗೂ ಏನು ಸಂಬಂಧ ಎನ್ನುವವರು ಕಾಸರಗೋಡಿಗೆ ಹೋಗಿಬನ್ನಿ. 1956ರ ನವೆಂಬರ್ 1ರಂದು ಅವರನ್ನು ಕೇರಳಕ್ಕೆ ಸೇರಿಸಿದರು. ಮಾರನೇ ವರ್ಷ 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಉಮೇಶ್ ರಾಯರು ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಗಳು ಗೆದ್ದರು. ಇಬ್ಬರೂ ಯಾವ ದೊಡ್ಡ ಪಕ್ಷಕ್ಕೂ ಸೇರದೆ ನಿಂತವರು. ವಿಲೀನ ಆಗಲಿಲ್ಲ, ನಿಜ. ಕನ್ನಡ ಶಾಲೆಗಳಿಗೆ ಇವತ್ತಿಗೂ ಕಾಟ ತಪ್ಪಿಲ್ಲ. ಆದರೆ 2021ರಲ್ಲಿ ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ವಿಧಾನಸಭೆಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ. ಪಕ್ಷ ಮುಸ್ಲಿಂ ಲೀಗು! ಅವರ ಕ್ಷೇತ್ರದ ಕನ್ನಡಿಗ ಮನೆಯಲ್ಲಿ ಕೂರುವವನಲ್ಲ ಎಂದು ಅವರಿಗೆ ಗೊತ್ತು.

ಕೊನೆಗೆ ಮತ್ತೆ ಕೆರಾಡಿಯ ಹುಡುಗನ ವಿಷಯ. ಅವನು ಮಿಚಿಗನ್ ಲೆಕ್ಕ ಹಾಕುತ್ತಿದ್ದ ದಿನಕ್ಕೆ ಸುಮಾರು ಒಂದು ತಿಂಗಳ ಹಿಂದೆ ಒಂದು ಗಡುವು ಮುಗಿದಿತ್ತು. 2024ರ ಜುಲೈ 31ರಂದು ಕೇಂದ್ರ ಪರಿಸರ ಮಂತ್ರಾಲಯ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಹೊರಡಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಕುಂದಾಪುರ ಸೀಮೆಯ ಘಟ್ಟದ ಬುಡದ ಹಳ್ಳಿಗಳೂ ಪಟ್ಟಿಯಲ್ಲಿವೆ. ಆಕ್ಷೇಪವಿದ್ದರೆ 60 ದಿನದೊಳಗೆ ಬರೆಯಿರಿ ಎಂದರು. ಯಾವ ಭಾಷೆಯಲ್ಲಿ ಹೊರಡಿಸಿದರು? ಕೇಂದ್ರದ ಗೆಜೆಟ್ಟು ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅಡಿಕೆ ತೋಟದ ಗಡಿಯನ್ನು ಹಿಂದಿಯಲ್ಲಿ ಓದಿ ಅರ್ಥ ಮಾಡಿಕೊಂಡು ದೆಹಲಿಗೆ ತಕರಾರು ಬರೆಯಬೇಕು ನಮ್ಮ ಕೆರಾಡಿ, ವಂಡ್ಸೆ ಕಡೆಯ ರೈತ!

2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಬಂದಾಗಲೂ ಇದೇ ರಾಮಾಯಣ. ದೆಹಲಿ ಹೈಕೋರ್ಟು ಜೂನ್ 30ರಂದು ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಪ್ರಕಟಿಸಿ ಎಂದಿತು. ಕೇಂದ್ರ ಅನುವಾದಕರನ್ನು ಹುಡುಕುವ ಬದಲು ವಕೀಲರನ್ನು ಹುಡುಕಿ ಸುಪ್ರೀಂ ಕೋರ್ಟಿಗೆ ಹೋಯಿತು. ಕ್ವೀನ್ಸಿನ ಟ್ಯಾಕ್ಸಿ ಡ್ರೈವರಿಗೆ ಬಂಗಾಳಿಯಲ್ಲಿ ಓದುವ ಹಕ್ಕು ಕಾಯ್ದೆಯಿಂದ ಸಿಕ್ಕಿದೆ. ತನ್ನ ನೆಲದಲ್ಲೇ, 2011ರ ಗಣತಿಯಲ್ಲಿ 4 ಕೋಟಿ 37 ಲಕ್ಷ ಜನ ಮಾತೃಭಾಷೆ ಎಂದು ಬರೆಸಿದ ಕನ್ನಡದಲ್ಲಿ, ತನ್ನ ಗದ್ದೆಯ ಕಾಗದ ಓದುವ ಹಕ್ಕು ನಮಗೆ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಆ ವರದಿಯನ್ನು ಒಪ್ಪುವುದಿಲ್ಲ ಎಂದು ನಿರ್ಧರಿಸಿತು. ಒಪ್ಪಬೇಕೋ ಬೇಡವೋ ಎನ್ನುವುದರಲ್ಲಿ ನನಗೇ ಎರಡು ಮನಸ್ಸು. ಘಟ್ಟ ಕುಸಿಯುವುದನ್ನೂ ಕಂಡಿದ್ದೇವಲ್ಲ. ಆದರೆ ಊರಿನ ಗ್ರಾಮಸಭೆಯಲ್ಲಿ ಆ ಕರಡನ್ನು ಕನ್ನಡದಲ್ಲಿ ಓದಿ ಹೇಳುವವನೊಬ್ಬ ಬೇಕಿತ್ತು. ಇಂಗ್ಲಿಷು ಬಲ್ಲ, ಕಂಪ್ಯೂಟರು ಬಲ್ಲ, ಊರಿನ ಗಡಿಕಲ್ಲು ಬಲ್ಲ ಹುಡುಗ. ಅವನು ನನ್ನ ಪ್ರೆಸ್ಸಿನಲ್ಲಿ ಕೂತು ಪೆನ್ಸಿಲ್ವೇನಿಯಾ ನೋಡುತ್ತಿದ್ದ.

ಊರಲ್ಲಿ ಓಟು ಇಡಬೇಕೋ ಬೆಂಗಳೂರಲ್ಲೋ ಎಂದು ಕೇಳುತ್ತೀರಿ. ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ, ಒಂದೇ ಕಡೆ. ನೀವು ಬೆಂಗಳೂರಿನ ನೀರು ಕುಡಿಯುತ್ತೀರಿ, ಇಲ್ಲಿನ ಬಸ್ಸಿನಲ್ಲಿ ಭಾಷೆಗಾಗಿ ಜಗಳವಾಡುತ್ತೀರಿ; ಓಟೂ ಇಲ್ಲೇ ಇರಲಿ. ಗ್ರಾಮಸಭೆಯ ದಿನ ಊರಿಗೆ ಹೋಗಿ ನಿಮ್ಮ ಅಪ್ಪ ಅಮ್ಮನಿಗೆ ಕಾಗದ ಓದಿ ಹೇಳಲು ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಹೊಸದಾಗಿ ಸೇರಲು ನಮೂನೆ 6, ಇದ್ದ ಹೆಸರನ್ನು ಬೇರೆಡೆಗೆ ಒಯ್ಯಲು ನಮೂನೆ 8. ಮೊದಲಿನಂತೆ ಜನವರಿ 1ಕ್ಕೇ 18 ತುಂಬಿರಬೇಕೆಂದಿಲ್ಲ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು, ನಾಲ್ಕೂ ಲೆಕ್ಕಕ್ಕುಂಟು. ನೋಂದಣಿಯಾದ ಬಾಡಿಗೆ ಕರಾರು ಇದ್ದರೂ ವಿಳಾಸಕ್ಕೆ ನಡೆಯುತ್ತದೆ. ಅರ್ಜಿ ಕನ್ನಡದಲ್ಲೇ ಇದೆ, ಕನ್ನಡದಲ್ಲೇ ತುಂಬಿ.

ಆ ಹುಡುಗನ ಕಾರ್ಡು ತಯಾರಾದಾಗ ಕಟ್ಟಿನೊಳಗೆ ನಮೂನೆ 6ರ ಒಂದು ಪ್ರತಿ ಇಟ್ಟು ಕಳಿಸಿದ್ದೆ. ಮದುವೆಗೆ ಕೆರಾಡಿಗೆ ಹೋದೆ, ಊಟ ಭರ್ಜರಿಯಾಗಿತ್ತು. ಕೈ ತೊಳೆಯುವಾಗ ಕೇಳಿದೆ, "ತುಂಬಿದ್ಯಾ?" "ಇಲ್ಲಣ್ಣ, ಮದುವೆ ಗಡಿಬಿಡಿ" ಅಂದ. ಮೊನ್ನೆ ಮಗುವಿನ ನಾಮಕರಣದ ಕಾರ್ಡಿಗೆ ಬಂದಿದ್ದ. ಮತ್ತೆ ಕೇಳಿದೆ, ನಕ್ಕ. ಈ ಸಲ ಕಟ್ಟಿನೊಳಗೆ ಇಡುವ ಕೆಲಸ ಮಾಡಲಿಲ್ಲ. ಪ್ರೂಫು ನೋಡುವ ಮೇಜಿನ ಮೇಲೆ ಅರ್ಜಿ ಹರಡಿ, ಪೆನ್ನು ಕೈಗೆ ಕೊಟ್ಟು, ಗಂಡ ಹೆಂಡತಿ ಇಬ್ಬರದ್ದೂ ನನ್ನೆದುರೇ ತುಂಬಿಸಿದೆ. ಮನೆಬಾಗಿಲಿಗೆ ಪರಿಶೀಲನೆಗೆ ಬರುವವರು ಬಂದಾಗ ಮನೆಯಲ್ಲಿರು ಎಂದು ಹೇಳಿ ಕಳಿಸಿದ್ದೇನೆ.